ನಾರಾಯಣಗೂಡದ ಪಿನ್ ಒಡೆಯಲ್ಲ, ಕಾಚಿಗೂಡದ್ದು ಒಡೆಯುತ್ತೆ

ಹೈದರಾಬಾದಿನ ನಾರಾಯಣಗೂಡದಲ್ಲಿರೋರು ಊಟ ಆರ್ಡರ್ ಮಾಡುವಾಗೆಲ್ಲ ಟೈಪ್ ಮಾಡೋ ಒಂದು ಸಂಖ್ಯೆ ಇದೆ: 500029. ಅದು ಅಲ್ಲಿನ ಪಿನ್‌ಕೋಡ್. ಪಕ್ಕದಲ್ಲೇ ಕಾಚಿಗೂಡ, ನಮ್ಮಲ್ಲಿ ಎಷ್ಟೋ ಜನ ಹಬ್ಬಕ್ಕೆ ಊರಿಗೆ ಹೋಗೋಕೆ ಬೆಂಗಳೂರು ಟ್ರೈನ್ ಹತ್ತೋ ಜಾಗ. ಅದರ ಪಿನ್ 500027. ವ್ಯತ್ಯಾಸ ಬರೀ ಎರಡು. ಆದರೆ ಗಣಿತದ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಬಗೆಯವು.

ಕಾಚಿಗೂಡದ್ದು ಒಡೆಯುತ್ತೆ: 500027 = 11 × 131 × 347. ನಾರಾಯಣಗೂಡದ್ದು ಒಡೆಯಲ್ಲ. 500029 ಅವಿಭಾಜ್ಯ ಸಂಖ್ಯೆ, ಅಂದ್ರೆ ಪ್ರೈಮ್.

ಹೇಗೆ ಗೊತ್ತು? 500029ರ ವರ್ಗಮೂಲ 707ಕ್ಕಿಂತ ಚೂರು ಹೆಚ್ಚು. ಸಂಖ್ಯೆ ಒಡೆಯೋ ಹಾಗಿದ್ದರೆ ಒಂದು ಅಪವರ್ತನವಾದರೂ 707ರೊಳಗೆ ಸಿಗಲೇಬೇಕು. ಅಲ್ಲಿವರೆಗೆ ಇರೋ ಪ್ರೈಮ್‌ಗಳು 126. ಒಂದೊಂದರಿಂದಲೂ ಭಾಗಿಸಿ ನೋಡಿ, ಪ್ರತಿ ಸಲವೂ ಶೇಷ ಉಳಿಯುತ್ತೆ.

ಇದಕ್ಕೆ ಇನ್ನೊಂದು ಚಂದದ ಗುಣವೂ ಇದೆ. 4ರಿಂದ ಭಾಗಿಸಿದಾಗ 1 ಉಳಿಯೋ ಪ್ರತಿ ಪ್ರೈಮನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಇದನ್ನು ಹೇಳಿದ್ದು ಫರ್ಮಾ, ಸಾಧಿಸಿ ತೋರಿಸಿದ್ದು ಆಯ್ಲರ್. ನಮ್ಮ ಸಂಖ್ಯೆಗೆ ಆ ಜೋಡಿ 85 ಮತ್ತು 702. 7225 + 492804, ಕೂಡಿ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಆರಂಕಿಗೆ 126 ಭಾಗಾಕಾರ ಸಾಕು. ನೂರಾರು ಅಂಕಿಗಳಿದ್ದರೆ ಈ ದಾರಿ ಸಾಗಲ್ಲ. ಅಲ್ಲಿ ಫರ್ಮಾನದೇ ಇನ್ನೊಂದು ನಿಯಮ ಕೈ ಹಿಡಿಯುತ್ತೆ. 2ರ ಘಾತ 500028 ತಗೊಂಡು 500029ರಿಂದ ಭಾಗಿಸಿದರೆ ಶೇಷ 1. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ಅದೇ ರೀತಿ 2ರ ಘಾತ 500026ನ್ನು 500027ರಿಂದ ಭಾಗಿಸಿ: 1 ಬರಲ್ಲ. ಅಂದ್ರೆ ಕಾಚಿಗೂಡದ ಪಿನ್ ಪ್ರೈಮ್ ಅಲ್ಲ ಅಂತ ಖಚಿತವಾಯ್ತು. ಆದರೆ 11, 131, 347ರ ಸುಳಿವೇ ಸಿಗಲಿಲ್ಲ! ಶೇಷ 1 ಬಂದ ಮಾತ್ರಕ್ಕೆ ಪ್ರೈಮ್ ಅಂತ ನಂಬೋ ಹಾಗಿಲ್ಲ, 341 = 11 × 31 ಕೂಡ ಹೀಗೆ ಮೋಸ ಮಾಡುತ್ತೆ. ಎಂದೂ ತಪ್ಪದ, ಅಂಕಿಗಳು ಹೆಚ್ಚಾದರೂ ಲೆಕ್ಕ ಕೈಮೀರದ ಪರೀಕ್ಷೆಯನ್ನು 2002ರಲ್ಲಿ ಕೊಟ್ಟವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ.

ಒಡೆಯುತ್ತೆ ಅಂತ ತಿಳಿಯೋದು ಸುಲಭ, ಒಡೆಯೋದು ಕಷ್ಟ. 1977ರ ಆರ್‌ಎಸ್‌ಎ ಗೂಢಲಿಪಿ ನಿಂತಿರೋದೇ ಈ ಅಂತರದ ಮೇಲೆ. ಎರಡು ದೊಡ್ಡ ಪ್ರೈಮ್‌ಗಳನ್ನು ಗುಣಿಸಿ, ಗುಣಲಬ್ಧವನ್ನು ಎಲ್ಲರಿಗೂ ತೋರಿಸ್ತಾರೆ, ಪ್ರೈಮ್‌ಗಳನ್ನು ಬಚ್ಚಿಡ್ತಾರೆ. 250 ಅಂಕಿಗಳ ಇಂಥ ಒಂದು ಸಂಖ್ಯೆಯನ್ನು 2020ರಲ್ಲಿ ಒಡೆದರು. ಒಂದೇ ಪ್ರೊಸೆಸರ್ ಕೋರ್ ಆಗಿದ್ದರೆ ಅದಕ್ಕೆ ಸುಮಾರು 2700 ವರ್ಷ ಬೇಕಿತ್ತು. ಈಗ ಬಳಕೆಯಲ್ಲಿರೋ 2048 ಬಿಟ್‌ನ ಕೀಲಿಯಲ್ಲಿ 617 ಅಂಕಿಗಳಿವೆ. ನೀವು ಡಿಪ್ಲಾಯ್ ಮಾಡೋ ಎಷ್ಟೋ ಸರ್ವರ್‌ಗಳ ಸರ್ಟಿಫಿಕೇಟ್ ಕಾಯ್ತಿರೋದು ಅದೇ.

ಅಂದಹಾಗೆ ಬೆಂಗಳೂರಿನ 560001ರ ಅಂಕಿಗಳನ್ನು ಕೂಡಿದರೆ 12. ಹಾಗಾಗಿ ಅದು 3ರಿಂದಲೇ ಒಡೆಯುತ್ತೆ. ನಿಮ್ಮೂರಿನ ಪಿನ್ ಯಾವ ಬಗೆಯದು? ಇವತ್ತೇ ನೋಡಿ.