ಕಾರಿನ ಎ.ಸಿ. ತಂಪು ಕೊಡದಿದ್ದಾಗ

ಬೇಸಿಗೆಯಲ್ಲಿ ಕಲಬುರಗಿಯ ತಾಪಮಾನ 40 ಡಿಗ್ರಿ ದಾಟುತ್ತದೆ. ಹಿರಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಕಮಲಾಪುರಕ್ಕೆ ಹೊರಟಾಗ ಎ.ಸಿ. ಕೈಕೊಟ್ಟರೆ, ‘ಗ್ಯಾಸ್ ಮುಗಿದಿದೆ’ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಆದರೆ ಈ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಸೋರಿಕೆ ಸರಿಪಡಿಸದೆ ತುಂಬಿಸಿದರೆ ಹಣ ವ್ಯರ್ಥ.

ಆದ್ದರಿಂದ ಮೊದಲು ಲಕ್ಷಣ ಗಮನಿಸೋಣ. ಗಾಳಿಯೇ ಕಡಿಮೆ ಬಂದರೆ ಕ್ಯಾಬಿನ್ ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು. ಕಮಲಾಪುರದ ರಸ್ತೆಯಲ್ಲಿ ಓಡುವಾಗ ತಂಪಿದ್ದು, ನಗರದ ಸಿಗ್ನಲ್‌ನಲ್ಲಿ ನಿಂತಾಗ ಬಿಸಿಗಾಳಿ ಬಂದರೆ ಕಂಡೆನ್ಸರಿನ ಫ್ಯಾನ್ ಪರೀಕ್ಷಿಸಬೇಕು; ಓಡುವಾಗ ಎದುರುಗಾಳಿ ಮಾಡುವ ಕೆಲಸವನ್ನು ನಿಂತಾಗ ಫ್ಯಾನೇ ಮಾಡಬೇಕು.

ಹೀಟರ್ ಬಿಸಿ ಕೊಡದೆ ಎಂಜಿನ್ ಮಾತ್ರ ಕಾದರೆ ಕೂಲೆಂಟ್ ಕಡಿಮೆಯಾಗಿರಬಹುದು. ಕಾರು ನಿಲ್ಲಿಸಿ, ಎಂಜಿನ್ ಆರುವವರೆಗೆ ರೇಡಿಯೇಟರ್ ಮುಚ್ಚಳ ತೆಗೆಯಬಾರದು.

ಎ.ಸಿ. ಹೇಗೇ ಇರಲಿ, ನಿಲ್ಲಿಸಿದ ಕಾರಿನಲ್ಲಿ ಮಕ್ಕಳನ್ನು ಕ್ಷಣಕಾಲವೂ ಬಿಟ್ಟು ಹೋಗದಿರೋಣ.