ಪ್ಯಾಕ್‌ಹೌಸ್ ಕಟ್ಟಿದ್ದಾಯ್ತು, ವರ್ಷದ ನಿರ್ವಹಣೆಗೆ ದಿನ ಗೊತ್ತು ಮಾಡಿದ್ದೀರಾ?

ಟ್ರ್ಯಾಕ್ಟರ್‌ಗೆ ಎಷ್ಟು ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು ಅಂತ ನಮಗೆ ಬಾಯಿಪಾಠ. ಆದರೆ ಸಾಲ ಮಾಡಿ ಕಟ್ಟಿದ ಪ್ಯಾಕ್‌ಹೌಸ್‌ನ ಚಾವಣಿ ಬೋಲ್ಟುಗಳನ್ನು ಕೊನೇ ಸಲ ಯಾವಾಗ ನೋಡಿದ್ರಿ ಅಂತ ಕೇಳಿದರೆ ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. 2020ರಲ್ಲಿ ಕೃಷಿ ಮೂಲಸೌಕರ್ಯ ನಿಧಿ ಬಂತು. 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿ, ಗರಿಷ್ಠ 7 ವರ್ಷದವರೆಗೆ. ನಮ್ಮ ಕಡೆ ಯುವಕರು, ರೈತರ ಗುಂಪುಗಳು ಧೈರ್ಯ ಮಾಡಿ ಗೋದಾಮು, ಕೋಲ್ಡ್ ರೂಂ ಕಟ್ಟುತ್ತಿರೋದು ಒಳ್ಳೇದೇ. ಕಟ್ಟಿದ ಮೇಲಿನ ರಿಪೇರಿ ಮಾತ್ರ ನಮ್ಮ ಜೇಬಿನದ್ದು.

ನಿರ್ವಹಣೆ ಅಂದರೆ ಕೆಟ್ಟಾಗ ಮಾಡಿಸೋದು ಅಂತ ತಿಳಿದಿದ್ದೇವೆ. ಕೆಡೋದು ಯಾವಾಗ? ಒಳಗೆ ಮಾಲು ತುಂಬಿ, ಹೊರಗೆ ಬಿಸಿಲು ಸುಡುವಾಗ, ಇಲ್ಲಾ ಮಳೆ ಹೊಡೆಯುವಾಗ. ಹಾಗಾಗಿ ಕಟ್ಟಡದ ಕೆಲಸವನ್ನು ಎರಡು ಲೆಕ್ಕ ಹಿಡಿದು ಹಂಚಿಕೊಳ್ಳಬೇಕು: ಮಳೆ ಯಾವಾಗ, ಮತ್ತು ನಮ್ಮ ಶೆಡ್ಡು ಖಾಲಿ ಇರೋದು ಯಾವಾಗ. ನಾನು ತೋಟಗಾರಿಕೆ ಓದುವಾಗ ಕೊಯ್ಲಿನ ನಂತರದ ನಷ್ಟದ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ, ಚಾವಣಿ ವಾಷರ್ ಬಗ್ಗೆ ಒಂದು ಸಾಲೂ ಇರಲಿಲ್ಲ!

ಶಿವರಾತ್ರಿಯಿಂದ ಯುಗಾದಿಯೊಳಗೆ: ಚಾವಣಿ

ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ಆಮೇಲೆ ಭರಣಿ. ಈ ಬೇಸಿಗೆ ಮಳೆಗಳು ಗಾಳಿ ಜೊತೆಗೇ ಬರೋದು, ಶೀಟು ಹಾರೋದೂ ಆಗಲೇ. ಆದ್ದರಿಂದ ಯುಗಾದಿ ಹೊತ್ತಿಗೆ ಚಾವಣಿ ಕೆಲಸ ಮುಗಿದಿರಬೇಕು.

ಶೀಟು ಸೋರೋದು ಹೆಚ್ಚಾಗಿ ಶೀಟಿನಿಂದಲ್ಲ, ಬೋಲ್ಟ್ ಕೂರಿಸಿದ ತೂತಿನಿಂದ. ಬೋಲ್ಟ್ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡುತ್ತೆ. ಶೀಟು ಹಗಲು ಹಿಗ್ಗಿ ರಾತ್ರಿ ಕುಗ್ಗುವುದರಿಂದ ತೂತು ನಿಧಾನಕ್ಕೆ ಅಗಲವಾಗುತ್ತೆ. ಕಂಡುಹಿಡಿಯೋಕೆ ಮೇಲೆ ಹತ್ತಬೇಕಾಗಿಲ್ಲ. ಮಧ್ಯಾಹ್ನ ಬಾಗಿಲು ಮುಚ್ಚಿ ಒಳಗೆ ನಿಂತು ಮೇಲೆ ನೋಡಿ. ಚುಕ್ಕಿಯಷ್ಟು ಬೆಳಕು ಕಂಡಲ್ಲೆಲ್ಲ ನೀರು ಇಳಿಯುತ್ತೆ ಅಂತಲೇ ಅರ್ಥ. ಫೋಟೋ ತೆಗೆದು, ಯಾವ ಕಂಬದಿಂದ ಎಷ್ಟನೇ ಶೀಟು ಅಂತ ಗುರುತು ಹಾಕಿಕೊಳ್ಳಿ. ಹತ್ತುವ ಕೆಲಸ ಗೊತ್ತಿರುವವರದ್ದು. ಸಿಮೆಂಟ್ ಶೀಟಾದರಂತೂ ಕಾಲಿಟ್ಟ ಕಡೆ ಒಡೆಯುತ್ತೆ, ಹಲಗೆ ಹಾಕದೆ, ಒಬ್ಬರನ್ನೇ ಹತ್ತಿಸಬೇಡಿ.

ಇನ್ನು ಶೀಟಿನ ಅಂಚಿನ ದೋಣಿ. 9 ಮೀಟರ್ ಉದ್ದ, 6 ಮೀಟರ್ ಅಗಲದ ಸಣ್ಣ ಪ್ಯಾಕ್‌ಹೌಸ್ ಅಂದರೆ 54 ಚದರ ಮೀಟರ್. ಅದರ ಮೇಲೆ 20 ಮಿ.ಮೀ. ಮಳೆ ಬಿದ್ದರೆ 1,080 ಲೀಟರ್ ನೀರು. ದೋಣಿಯಲ್ಲಿ ಎಲೆ, ಹಕ್ಕಿ ಗೂಡು ಕಟ್ಟಿಕೊಂಡಿದ್ದರೆ ಈ ನೀರೆಲ್ಲ ಗೋಡೆ ಮೇಲೆ ಇಳಿದು ಅಡಿಪಾಯಕ್ಕೆ ಹೋಗುತ್ತೆ. ಮರ ಹತ್ತಿರವಿದ್ದರೆ ಮುಂಗಾರಿನಲ್ಲಿ ಇನ್ನೊಂದು ಸಲವೂ ದೋಣಿ ತೆಗೆಸಿ.

ಕೋಲ್ಡ್ ರೂಂ: ಕಾಯೋದು ಬೇಡ

ನಮ್ಮ ಪಕ್ಕದ ಊರಿನ ರೈತರ ಗುಂಪಿನ ಕೋಲ್ಡ್ ರೂಂ ಮೇ ತಿಂಗಳಲ್ಲಿ ನಿಂತುಹೋಯ್ತು. ಒಳಗೆ ದಪ್ಪ ಮೆಣಸಿನಕಾಯಿ ಮತ್ತು ಬೀನ್ಸ್. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ "ಅಣ್ಣಾ, ಬೇಸಿಗೆ ಅಲ್ವಾ, ಎಲ್ಲಾ ಕಡೆಯಿಂದ ಕರೀತಿದಾರೆ, ನಾಡಿದ್ದು ಬರ್ತೀನಿ" ಅಂದ. ಬಂದು ನೋಡಿದರೆ ಕಂಡೆನ್ಸರ್ ತುಂಬ ಧೂಳು ಮತ್ತು ಈರುಳ್ಳಿ ಸಿಪ್ಪೆ. ಒಂದು ಬ್ರಷ್ಷು, ಅರ್ಧ ಗಂಟೆ ಕೆಲಸ. ಅಷ್ಟರಲ್ಲಿ ಬೀನ್ಸ್ ಬಾಡಿ, ದಪ್ಪ ಮೆಣಸಿನಕಾಯಿ ಸಿಕ್ಕಿದ ಬೆಲೆಗೆ ಹೋಗಿತ್ತು.

ಕಂಡೆನ್ಸರ್ ಕೆಲಸ ಒಳಗಿನ ಬಿಸಿಯನ್ನು ಹೊರಗೆ ಬಿಡೋದು. ಧೂಳು ಮೆತ್ತಿಕೊಂಡರೆ ಬಿಸಿ ಹೊರಗೆ ಹೋಗಲ್ಲ, ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗಿ ಟ್ರಿಪ್ ಆಗುತ್ತೆ. ಹಳ್ಳಿಯ ಕಡಿಮೆ ವೋಲ್ಟೇಜ್ ಸೇರಿದರೆ ಇನ್ನೂ ಬೇಗ. ಹಾಗಾಗಿ ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಮೆತ್ತಗಿನ ಬ್ರಷ್‌ನಿಂದ ಧೂಳು ತೆಗೀಬೇಕು, ಈರುಳ್ಳಿ, ಬೆಳ್ಳುಳ್ಳಿ ಸೋಸುವ ಕಡೆ ಹದಿನೈದು ದಿನಕ್ಕೊಮ್ಮೆ. ಒತ್ತಿ ಉಜ್ಜಿದರೆ ತೆಳು ರೆಕ್ಕೆಗಳು ಮಡಚಿ ಗಾಳಿ ಕಟ್ಟುತ್ತೆ, ಹುಷಾರು. ಮೆಕ್ಯಾನಿಕ್‌ನ ವಾರ್ಷಿಕ ಸರ್ವಿಸನ್ನು ಜನವರಿಯಲ್ಲೇ ಮಾಡಿಸಿ. ಆಗ ಅವರಿಗೂ ಬಿಡುವು ಇರುತ್ತೆ.

ಬಾಗಿಲಿನ ರಬ್ಬರಿಗೆ ಕಾಗದದ ಪರೀಕ್ಷೆ ಸಾಕು. ಒಂದು ಚೀಟಿ ಇಟ್ಟು ಬಾಗಿಲು ಮುಚ್ಚಿ, ಎಳೀರಿ. ಸಲೀಸಾಗಿ ಬಂದುಬಿಟ್ಟರೆ ಅಲ್ಲಿ ರಬ್ಬರ್ ಸವೆದಿದೆ. ಸುತ್ತಲೂ ಎಂಟು ಹತ್ತು ಕಡೆ ಹೀಗೆ ನೋಡಿ. ಆ ಸಂದಿನಿಂದ ಹೊರಗಿನ ಹಸಿ ಗಾಳಿ ನುಗ್ಗಿ ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತೆ. ಮಂಜು ದಪ್ಪವಾದಷ್ಟೂ ತಂಪು ಗಾಳಿ ಓಡಾಡಲ್ಲ. ಕರೆಂಟ್ ಬಿಲ್ ಏರುತ್ತೆ, ಮಾಲು ಮಾತ್ರ ತಣ್ಣಗಾಗಲ್ಲ.

ಇದಕ್ಕೆ ನಿಮ್ಮ ಫೋನ್ ಒಳ್ಳೆ ಉಪಯೋಗಕ್ಕೆ ಬರುತ್ತೆ. ಪ್ರತಿ ಸೋಮವಾರ ಅದೇ ಹೊತ್ತಿಗೆ ವಿದ್ಯುತ್ ಮೀಟರ್ ಫೋಟೋ ತೆಗೆದು ಗುಂಪಿಗೆ ಹಾಕಿ. ಮಾಲು ಅಷ್ಟೇ, ಬಿಸಿಲೂ ಅಷ್ಟೇ, ಯೂನಿಟ್ ಮಾತ್ರ ಏರುತ್ತಿದೆ ಅಂದರೆ ಮಷಿನ್ನು ಒದ್ದಾಡುತ್ತಿದೆ. ನಿಲ್ಲುವ ಮೊದಲೇ ನಿಮಗೆ ಸುಳಿವು ಸಿಗುತ್ತೆ.

ಕರೆಂಟ್ ಮತ್ತು ಆಯುಧ ಪೂಜೆ

ವರ್ಷಕ್ಕೊಂದು ದಿನ ನಾವೆಲ್ಲ ತಪ್ಪದೆ ಯಂತ್ರ ತೊಳೆದು ಕುಂಕುಮ ಇಡೋದು ಆಯುಧ ಪೂಜೆಗೆ. ಅದನ್ನೇ ತಪಾಸಣೆ ದಿನ ಮಾಡಿಕೊಳ್ಳಿ. ಆದರೆ ಸ್ವಿಚ್ ಬೋರ್ಡಿಗೆ, ಪ್ಯಾನೆಲ್ಲಿಗೆ ಪೈಪ್ ಹಿಡಿದು ನೀರು ಹೊಡೆಯಬೇಡಿ! ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಕರೆಸಿ ಸಡಿಲ ವೈರು, ಕಪ್ಪಾದ ಕನೆಕ್ಷನ್, ಅರ್ಥಿಂಗ್ ನೋಡಿಸಿ. ತರಕಾರಿ ತೊಳೆಯುವ ಕಡೆ ನೆಲ ಯಾವಾಗಲೂ ಒದ್ದೆ, ಹೆಂಗಸರು ಬರಿಗಾಲಲ್ಲಿ ನಿಂತು ಕೆಲಸ ಮಾಡ್ತಾರೆ. ಅಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಕರೆಂಟ್ ಹೋಗದಿದ್ದರೆ ಆವತ್ತೇ ಬದಲಿಸಿ, ನಾಳೆ ಅನ್ನಬೇಡಿ.

ಇಲಿಗೆ ವಿಷಕ್ಕಿಂತ ಸಿಮೆಂಟ್ ಮೇಲು. 12 ಮಿ.ಮೀ. ಸಂದಿನಲ್ಲಿ ಇಲಿ ತೂರುತ್ತೆ, ಸುಂಡಿಲಿಗೆ 6 ಮಿ.ಮೀ. ಸಾಕು. ಬಾಗಿಲ ಕೆಳಗೆ ತಗಡು ಪಟ್ಟಿ, ಪೈಪು ಹೋಗುವ ತೂತಿಗೆ ಜಾಲರಿ ಮತ್ತು ಸಿಮೆಂಟ್. ಸಾವಯವ ಪ್ರಮಾಣಪತ್ರ ಇರುವವರು ಗಮನಿಸಿ, ಎನ್‌ಪಿಒಪಿ ನಿಯಮದಲ್ಲಿ ಗೋದಾಮಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡುವಂತಿಲ್ಲ. ತಪಾಸಣೆಗೆ ಬಂದವರು ಶೆಡ್ಡು ಯಾವಾಗ, ಏನು ಹಾಕಿ ತೊಳೆದಿರಿ ಅಂತ ದಾಖಲೆ ಕೇಳ್ತಾರೆ. ತಾರೀಖು ಇರುವ ಫೋಟೋ, ಒಂದು ನೋಟ್‌ಬುಕ್ಕು ಇದ್ದರೆ ಉತ್ತರ ಸುಲಭ. ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು, ಅದನ್ನೂ ಅದೇ ನೋಟ್‌ಬುಕ್ಕಿಗೆ ಸೇರಿಸಿ.

ಯಾರು, ಯಾವ ದುಡ್ಡಲ್ಲಿ?

ಗುಂಪಿನ ಕಟ್ಟಡ ಅಂದರೆ ಎಲ್ಲರದ್ದು. ಎಲ್ಲರದ್ದು ಅಂದರೆ ಕಂಡೆನ್ಸರ್ ಒರೆಸೋಕೆ ಯಾರೂ ಇಲ್ಲ. ಪ್ರತಿ ಕೆಲಸಕ್ಕೂ ಒಬ್ಬರ ಹೆಸರು ಬರೆದು, ಅವರ ಫೋನಿನ ಕ್ಯಾಲೆಂಡರ್‌ನಲ್ಲೇ ತಿಂಗಳಿಗೊಮ್ಮೆ ಬಾರಿಸುವ ಹಾಗೆ ಇಡಿ. ಅವರು ಊರಲ್ಲಿ ಇಲ್ಲದಿದ್ದರೆ ಯಾರು ಅನ್ನೋದನ್ನೂ ಬರೀರಿ.

ದುಡ್ಡಿಗೆ ನಾನು ಮಾಡೋದು ಕ್ರೇಟ್ ಲೆಕ್ಕ. ಶೆಡ್ಡಿಂದ ಹೊರಗೆ ಹೋಗುವ ಪ್ರತಿ ಕ್ರೇಟಿಗೆ 1 ರೂಪಾಯಿ ಬೇರೆ ಖಾತೆಗೆ. ದಿನಕ್ಕೆ 40 ಕ್ರೇಟ್, ವರ್ಷಕ್ಕೆ 250 ದಿನ ಅಂದರೆ 10,000 ರೂಪಾಯಿ. ಕಂಪ್ರೆಸರ್ ಹೋದರೆ ಇದು ಸಾಲದು ನಿಜ. ಆದರೆ ವಾಷರ್, ಬಾಗಿಲ ರಬ್ಬರ್, ಆರ್‌ಸಿಸಿಬಿ, ವರ್ಷದ ಸರ್ವಿಸ್ ಇಷ್ಟಕ್ಕೆ ಯಾರ ಹತ್ತಿರವೂ ಕೈಚಾಚಬೇಕಿಲ್ಲ.

ಸರ್ವಿಸ್‌ನವರ ಜೊತೆ ವಾರ್ಷಿಕ ಒಪ್ಪಂದ ಮಾಡಿಕೊಳ್ಳುವುದಾದರೆ ಬೆಲೆಗಿಂತ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ತಗೊಳ್ಳಿ. ಕರೆದ ಮೇಲೆ ಎಷ್ಟು ಗಂಟೆಯೊಳಗೆ ಬರ್ತಾರೆ, ಗ್ಯಾಸ್ ಮತ್ತು ಬಿಡಿಭಾಗದ ಖರ್ಚು ಯಾರದ್ದು, ಏಪ್ರಿಲ್ ಮೇನಲ್ಲೂ ಅದೇ ಮಾತು ನಡೆಯುತ್ತಾ. ಮೂರನೆಯದಕ್ಕೆ ತಡವರಿಸಿದರೆ ಇನ್ನೊಬ್ಬರನ್ನು ಹುಡುಕಿ.