ಶಾಲೆ ಮುಚ್ಚಿದ್ದಾಗ ನಮ್ಮ ಶಾಲೆ ಎಲ್ಲಿತ್ತು?



ನಮ್ಮ ಶಾಲೆಯ ಆಫೀಸ್ ರೂಮಿನಲ್ಲಿ ಏಳನೇ ತರಗತಿಯವರ ಗುಂಪು ಫೋಟೋಗಳನ್ನು ಸಾಲಾಗಿ ತೂಗುಹಾಕಿರುವುದನ್ನು ನೀವೆಲ್ಲಾ ನೋಡಿದ್ದೀರಿ. ಆ ಸಾಲಿನಲ್ಲಿ 2018-19 ಇದೆ. ಅದರ ಪಕ್ಕದಲ್ಲೇ 2021-22 ಇದೆ. ನಡುವಿನ ಎರಡು ವರ್ಷದ ಫೋಟೋ ಎಲ್ಲಿ ಹೋಯ್ತು ಅಂತ ಹೋದ ವಾರ ನಾಲ್ಕನೇ ತರಗತಿಯ ಮಕ್ಕಳು ನಮ್ಮನ್ನು ಕೇಳಿದರು. ಒಬ್ಬ ಹುಡುಗ ಗೆದ್ದಲು ತಿಂದಿರಬೇಕು ಅಂದ. ಗೆದ್ದಲು ತಿಂದಿಲ್ಲ. ಆ ಎರಡು ವರ್ಷ ಫೋಟೋನೇ ತೆಗೆದಿಲ್ಲ. ಯಾಕೆ ಅಂತ ವಿವರಿಸಲು ಈ ಲೇಖನ ಬರೆದಿದ್ದೇನೆ. ಕೇಳಿದ ಮಕ್ಕಳು ಆಗ ಅಂಗನವಾಡಿ ವಯಸ್ಸಿನವರು, ಅವರಿಗೆ ನೆನಪಿರಲ್ಲ. ನಾನು 2020ರಲ್ಲಿ ಎರಡನೇ ತರಗತಿ, ನನ್ನ ಅಕ್ಕ ಏಳನೇ ತರಗತಿ. ಆದ್ದರಿಂದ ಇದರಲ್ಲಿ ಸ್ವಲ್ಪ ನನ್ನ ನೆನಪು, ಹೆಚ್ಚು ಅಕ್ಕ ಹೇಳಿದ್ದು, ಉಳಿದದ್ದು ಮೇಷ್ಟ್ರನ್ನು ಕೇಳಿ ತಿಳಿದದ್ದು.

ಕೊರೊನಾ ಎಂಬುದು ಒಂದು ವೈರಸ್. ಅದರಿಂದ ಬರುವ ಕಾಯಿಲೆಗೆ ಕೋವಿಡ್-19 ಎಂದು ಹೆಸರು. 19 ಅಂದರೆ ಅದು ಮೊದಲು ಕಂಡುಬಂದ 2019ನೇ ಇಸವಿ. 2020ರ ಮಾರ್ಚ್ ತಿಂಗಳ ಮಧ್ಯದಲ್ಲಿ ಶಾಲೆಗಳಿಗೆ ರಜೆ ಕೊಟ್ಟರು. ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್. ಆ ವರ್ಷದ ಏಳನೇ ತರಗತಿಯವರಿಗೆ ಪರೀಕ್ಷೆ ಇಲ್ಲದೆ ಪಾಸ್ ಅಂತ ಏಪ್ರಿಲ್‌ನಲ್ಲಿ ಹೇಳಿದರು. ಪಾಸ್ ಅಂದ್ರೆ ಖುಷಿ ಅಂತ ನೀವು ಅಂದ್ಕೋಬಹುದು. ಆದರೆ ಅವರಿಗೆ ಬೀಳ್ಕೊಡುಗೆ ಸಮಾರಂಭ ಆಗಲಿಲ್ಲ, ಶಾಲೆಗೆ ನೆನಪಿನ ಕಾಣಿಕೆ ಕೊಡುವುದೂ ಆಗಲಿಲ್ಲ. ಏಳು ವರ್ಷ ಒಂದೇ ಬೆಂಚಿನಲ್ಲಿ ಕೂತವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಬ್ಬೊಬ್ಬರಾಗಿ ಬಂದು ಟಿ.ಸಿ. ತಗೊಂಡು ಹೋದರು. ಮೊದಲನೇ ಫೋಟೋ ಇಲ್ಲದ್ದಕ್ಕೆ ಕಾರಣ ಇದು.

ಜೂನ್ ಬಂತು, ಮಳೆ ಬಂತು, ಶಾಲೆ ಮಾತ್ರ ತೆರೆಯಲಿಲ್ಲ. ಆಗ ಪಾಠ ಮಾಡಲು ಸರ್ಕಾರ ಬೇರೆ ಬೇರೆ ದಾರಿ ಹುಡುಕಿತು. ಚಂದನ ಟಿವಿಯಲ್ಲಿ ಮೊದಲು 8, 9, 10ನೇ ತರಗತಿಯವರಿಗೆ ಪಾಠ ಬಂತು, ಆಮೇಲೆ ಕೆಳಗಿನ ತರಗತಿಯವರಿಗೂ ಬಂತು. ನಮ್ಮೂರಿನಲ್ಲಿ ಇದರಿಂದ ಹೆಚ್ಚು ಉಪಯೋಗ ಆಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮಲೆನಾಡಿನ ಮಳೆಯಲ್ಲಿ ಕರೆಂಟ್ ಇದ್ದರೆ ಡಿಶ್ ಬರಲ್ಲ, ಡಿಶ್ ಬಂದರೆ ಕರೆಂಟ್ ಇರಲ್ಲ. ದಪ್ಪ ಮಳೆಹನಿಗಳು ಆಕಾಶದಿಂದ ಬರುವ ಸಿಗ್ನಲನ್ನು ನಡುವೆಯೇ ಕಡಿಮೆ ಮಾಡುತ್ತವೆ. ಅದಕ್ಕೇ ಜೋರು ಮಳೆ ಬಂದ ಕೂಡಲೇ ಟಿವಿಯಲ್ಲಿ ಚೌಕ ಚೌಕ ಬಂದು ನಿಂತುಹೋಗುವುದು.

2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು. ವಿದ್ಯಾ + ಆಗಮ = ವಿದ್ಯಾಗಮ. ಸವರ್ಣದೀರ್ಘ ಸಂಧಿ! ಆಗಮ ಅಂದರೆ ಬರುವುದು. ಮಕ್ಕಳು ಶಾಲೆಗೆ ಹೋಗುವ ಬದಲು ವಿದ್ಯೆಯೇ ಮಕ್ಕಳ ಹತ್ತಿರ ಬರುವುದು. ಕೆಲವು ಕಡೆ ಇದಕ್ಕೆ ವಠಾರ ಶಾಲೆ ಅಂತಲೂ ಕರೆದರು. ಇದು ಹೇಗೆ ನಡೆಯುತ್ತಿತ್ತು ಅಂದರೆ, ಒಬ್ಬ ಶಿಕ್ಷಕರಿಗೆ 20-25 ಮಕ್ಕಳನ್ನು ಹಂಚುತ್ತಿದ್ದರು. ಆ ಮಕ್ಕಳಿಗೆ ಅವರೇ ಮಾರ್ಗದರ್ಶಿ. ಮಕ್ಕಳನ್ನು ಮೂರು ವಿಧ ಮಾಡಿದರು: ಮನೆಯಲ್ಲಿ ಇಂಟರ್ನೆಟ್ ಇರುವ ದೊಡ್ಡ ಮೊಬೈಲ್ ಇರುವವರು, ಬಟನ್ ಮೊಬೈಲ್ ಮಾತ್ರ ಇರುವವರು, ಯಾವುದೂ ಇಲ್ಲದವರು. ಪ್ರತಿಯೊಂದು ಗುಂಪಿಗೂ ಕಾಲ್ಪನಿಕ ಕೊಠಡಿ ಎಂದು ಹೆಸರು. ಅಂದರೆ ಗೋಡೆ ಇಲ್ಲ, ಬಾಗಿಲು ಇಲ್ಲ, ಕೊಠಡಿ ಅಂತ ಮನಸ್ಸಿನಲ್ಲೇ ಅಂದುಕೊಳ್ಳುವುದು. ಅಕ್ಕ ಈಗಲೂ ಬೆಂಚಿನಲ್ಲಿ ಜಾಗ ಸಾಲದಿದ್ದರೆ ನಾನು ಕಾಲ್ಪನಿಕ ಬೆಂಚಿನಲ್ಲಿ ಕೂತ್ಕೋತೀನಿ ಅಂತಾಳೆ.

ದೊಡ್ಡ ಮೊಬೈಲ್ ಇರುವವರಿಗೆ ವಾಟ್ಸಾಪ್ ಗ್ರೂಪಿನಲ್ಲಿ ಪಾಠದ ಫೋಟೋ ಬರುತ್ತಿತ್ತು. ಬರೆದು ಅದರ ಫೋಟೋ ಕಳಿಸಬೇಕು. ಆದರೆ ಮೊಬೈಲು ಮಕ್ಕಳದ್ದಲ್ಲ, ಅಪ್ಪನದ್ದು. ಅಪ್ಪ ತೋಟಕ್ಕೋ ಕೂಲಿಗೋ ಹೋದರೆ ಮೊಬೈಲೂ ಹೋಯಿತು. ಬೆಳಗಿನ ಪಾಠ ರಾತ್ರಿ ಎಂಟು ಗಂಟೆಗೆ ಸಿಗುತ್ತಿತ್ತು. ಅದೂ ನೆಟ್‌ವರ್ಕ್ ಇದ್ದರೆ. ನಮ್ಮ ಕೇರಿಯವರು ನೆಟ್‌ವರ್ಕಿಗೆ ಗುಡ್ಡ ಹತ್ತಬೇಕಿತ್ತು. ಮೊಬೈಲಿನ ಅಲೆಗಳು ಬೆಳಕಿನ ಹಾಗೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಟವರಿಗೂ ಮನೆಗೂ ನಡುವೆ ಗುಡ್ಡ ಇದ್ದರೆ ನಾವು ಗುಡ್ಡದ ನೆರಳಿನಲ್ಲಿ ಇದ್ದ ಹಾಗೆ. ಮೇಲೆ ಹತ್ತಿದರೆ ಟವರು ನೇರವಾಗಿ ಸಿಗುತ್ತದೆ. ಎರಡು ಮೂರು ದಿನ ಕರೆಂಟ್ ಹೋಯ್ತು ಅಂದ್ರೆ ಟವರಿನ ಬ್ಯಾಟರಿಯೂ ಮುಗಿದು ಗುಡ್ಡದ ಮೇಲೂ ಏನೂ ಇಲ್ಲ. ದೊಡ್ಡವರು ಅಲ್ಲಿ ನಾಲ್ಕು ಗೂಟ ಹುಗಿದು ಟಾರ್ಪಾಲು ಕಟ್ಟಿಕೊಟ್ಟಿದ್ದರು. ಹೈಸ್ಕೂಲಿನ ಅಣ್ಣಂದಿರು, ಕಾಲೇಜಿನವರು, ಅಕ್ಕನ ಕ್ಲಾಸಿನವರು ಎಲ್ಲಾ ಅದರ ಕೆಳಗೇ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಉಪ್ಪಿನ ಪೊಟ್ಟಣ, ಇಂಬಳಕ್ಕೆ. ಬಟನ್ ಮೊಬೈಲ್ ಇದ್ದವರಿಗೆ ಮೇಷ್ಟ್ರೇ ಫೋನ್ ಮಾಡಿ ನಾಲ್ಕೈದು ಮಕ್ಕಳನ್ನು ಒಂದೇ ಕರೆಗೆ ಸೇರಿಸಿ ಮಗ್ಗಿ ಹೇಳಿಸುತ್ತಿದ್ದರು. ಎಲ್ಲರೂ ಒಟ್ಟಿಗೆ ಹೇಳಿದರೆ ಯಾರದ್ದೂ ಕೇಳುತ್ತಿರಲಿಲ್ಲವಂತೆ.

ಏನೂ ಇಲ್ಲದವರಿಗೆ, ಆಮೇಲೆ ನಿಜವಾಗಿ ಹೇಳಬೇಕೆಂದರೆ ಎಲ್ಲರಿಗೂ, ಉಳಿದದ್ದು ಜಗಲಿ ಪಾಠವೇ. ನಮ್ಮ ಶಾಲೆಗೆ ನಾಲ್ಕು ಕಡೆ ಗುಂಪು ಆಯಿತು: ಮೇಲಿನಕೇರಿಯ ಒಂದು ಮನೆಯ ಜಗಲಿ, ದೇವಸ್ಥಾನದ ಮುಂದಿನ ಮಂಟಪ, ಕಾಲೋನಿಯ ಅಂಗನವಾಡಿ ಕಟ್ಟೆ, ಹೊಳೆಯಾಚೆ ಅಡಿಕೆ ಬೇಯಿಸುವ ಮನೆ. ಅಡಿಕೆ ಮನೆಯ ಅಜ್ಜಿ, "ಏನ್ ಮೇಷ್ಟ್ರೇ, ಶಾಲೆನೇ ನಮ್ಮನೆಗೆ ಬಂತಲ್ಲ!" ಅಂದರಂತೆ. "ಹೌದಮ್ಮಾ, ಜಾಗ ಕೊಟ್ರೆ ಸಾಕು, ಮಕ್ಕಳು ನಿಮ್ಮ ಹಂಡೆ ಮುಟ್ಟದ ಹಾಗೆ ನಾನು ನೋಡ್ಕೋತೀನಿ" ಅಂತ ಮೇಷ್ಟ್ರು ಹೇಳಿದರಂತೆ. ಒಂದೊಂದು ಕಡೆ ಒಂದೊಂದು ದಿನ. ಎರಡನೇ ತರಗತಿಯ ನಾನೂ ಏಳನೇ ತರಗತಿಯ ಅಕ್ಕನೂ ಒಂದೇ ಗುಂಪು. ದೊಡ್ಡವರು ಚಿಕ್ಕವರಿಗೆ ಕಾಗುಣಿತ ತಿದ್ದಿಸಬೇಕು. ನನಗೆ ಅಕ್ಕನೇ ಟೀಚರ್ ಆದದ್ದು ಒಂಚೂರೂ ಇಷ್ಟ ಆಗಿರಲಿಲ್ಲ, ಅವಳು ಮನೆಯಲ್ಲೂ ಟೀಚರ್ ಆಗೇ ಇರುತ್ತಿದ್ದಳು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಪಾಠ ಹೇಗೋ ನಡೆಯಿತು. ಆದರೆ ಶಾಲೆ ಅಂದರೆ ಪಾಠ ಒಂದೇ ಅಲ್ಲವಲ್ಲ. ಪ್ರಾರ್ಥನೆ, ಶಾಲಾ ಸಂಸತ್ತು, ಪ್ರತಿಭಾ ಕಾರಂಜಿ, ಶಾರದಾ ಪೂಜೆ, ಜಗಳ, ರಾಜಿ, ಹುಣಸೆಹಣ್ಣು, ಇದೆಲ್ಲಾ ನಾಲ್ಕು ಜಗಲಿಗೆ ಹಂಚಲು ಆಗುವುದಿಲ್ಲ. ಹೊಳೆಯಾಚೆಯವರು ಬದುಕಿದ್ದಾರೋ ಇಲ್ಲವೋ ಅಂತ ಮೇಲಿನಕೇರಿಯವರಿಗೆ ಗೊತ್ತಾಗುತ್ತಿರಲಿಲ್ಲ. ಆಗ ನೀವು ಈಗ ಓದುತ್ತಾ ನಿಂತಿರುವ ಈ ಗೋಡೆ ಪತ್ರಿಕೆ ಕೆಲಸಕ್ಕೆ ಬಂತು. ಗೋಡೆಗೆ ಬೀಗ ಬಿದ್ದಿತ್ತು. ಮೇಷ್ಟ್ರು ಇನ್ನೂರು ಪುಟದ ಒಂದು ನೋಟ್‌ಬುಕ್ಕು ತಂದು, ರಟ್ಟಿನ ಮೇಲೆ ಪತ್ರಿಕೆಯ ಹೆಸರು ಬರೆದು, "ಗೋಡೆ ಇಲ್ದಿದ್ರೆ ಏನಾಯ್ತು, ಇದು ನಡೆದಾಡೋ ಗೋಡೆ" ಅಂದರು. ಅದು ಅವರ ಬೈಕಿನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಸೋಮವಾರ ಒಂದು ಕಡೆ, ಮಂಗಳವಾರ ಇನ್ನೊಂದು ಕಡೆ ಹೋಗುತ್ತಿತ್ತು.

ಆ ಪುಸ್ತಕ ನಮ್ಮ ಮನೆಯಲ್ಲಿದೆ. ಮೊದಮೊದಲು ಎಲ್ಲರೂ ಶಾಲೆಯ ಭಾಷೆಯಲ್ಲೇ ಬರೆದಿದ್ದಾರೆ, ಪರಿಸರದ ಮಹತ್ವ, ಸ್ವಚ್ಛತೆ, ಹೀಗೆ. ನಾಲ್ಕನೇ ಪುಟದಿಂದ ರುಚಿ ಬರುತ್ತದೆ. "ನಮ್ಮ ಗೌರಿ ಹೆಣ್ಣು ಕರು ಹಾಕಿದೆ, ಹಣೆಯಲ್ಲಿ ಬಿಳಿ ಚುಕ್ಕೆ, ಹೆಸರು ಸೂಚಿಸಿ" ಅಂತ ಕಾಲೋನಿಯ ಹುಡುಗಿ ಬರೆದಿದ್ದಾಳೆ. ಕೆಳಗೆ ಮೂರು ಗುಂಪಿನವರು ಹದಿನೇಳು ಹೆಸರು ಬರೆದಿದ್ದಾರೆ. ಅದರಲ್ಲಿ ಒಂದು "ಕೊರೊನಾ". ಅದನ್ನು ಯಾರೋ ಹೊಡೆದುಹಾಕಿದ್ದಾರೆ. ಶಾಲೆಯ ಕ್ರಿಕೆಟ್ ಬ್ಯಾಟು ಯಾರ ಮನೆಯಲ್ಲಿದೆ ಎಂಬ ಪತ್ರವ್ಯವಹಾರ ಆರು ವಾರ ನಡೆದಿದೆ. ಬ್ಯಾಟು ಸಿಕ್ಕಿತೋ ಇಲ್ಲವೋ ಪುಸ್ತಕದಲ್ಲಿ ಇಲ್ಲ. ಭಿನ್ನರಾಶಿಯ ಲೆಕ್ಕ ಅರ್ಥ ಆಗದವರು ಅದರಲ್ಲೇ ಕೇಳಿದ್ದಾರೆ, ಹೊಳೆಯಾಚೆಯವರು ಒಂದು ಹಲಸಿನಹಣ್ಣಿನ ಚಿತ್ರ ಬರೆದು ಪಾಲು ಮಾಡಿ ತೋರಿಸಿದ್ದಾರೆ. ಅದು ನಮ್ಮ ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿದೆ.

ಆಗ ವಸ್ತು ಮುಟ್ಟಿದರೂ ಕಾಯಿಲೆ ಬರುತ್ತದೆ ಅಂತ ಎಲ್ಲರಿಗೂ ಹೆದರಿಕೆ. ಅದು ಮುಖ್ಯವಾಗಿ ಉಸಿರಿನಿಂದ, ಗಾಳಿಯಲ್ಲಿ ಹರಡುತ್ತದೆ ಅಂತ ಆಮೇಲೆ ಖಚಿತವಾಯಿತು. ಅದಕ್ಕೇ ಪುಸ್ತಕವನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ಕೊಡುವ ಮುಂಚೆ ಬಿಸಿಲಿಗೆ ಇಡಬೇಕು ಅಂತ ನಿಯಮ ಮಾಡಿದ್ದರು. ಆಗಸ್ಟಿನಲ್ಲಿ ಬಿಸಿಲು ಎಲ್ಲಿ ಬರಬೇಕು? ಒಲೆಯ ಮೇಲಿನ ಅಟ್ಟದಲ್ಲಿ ಹಪ್ಪಳದ ಜೊತೆ ಇಡುತ್ತಿದ್ದರು. ಈಗಲೂ ಆ ಪುಸ್ತಕ ತೆರೆದರೆ ಹೊಗೆ ವಾಸನೆ.

ಬಿಸಿಯೂಟದ ಬಗ್ಗೆ ಒಂದು ಮಾತು. ಶಾಲೆ ಮುಚ್ಚಿದ್ದಾಗ ಬಿಸಿಯೂಟದ ಬದಲು ಅಕ್ಕಿ ಬೇಳೆಯನ್ನು ಪೋಷಕರಿಗೆ ಹಂಚಿದರು. ಅದರಿಂದ ಎಷ್ಟೋ ಮನೆಗೆ ಸಹಾಯವಾಯಿತು. ಆದರೆ ಮನೆಗೆ ಬಂದ ಅಕ್ಕಿ ಮನೆಯವರೆಲ್ಲರ ಅಕ್ಕಿ ಆಗುತ್ತದೆ. ಶಾಲೆಯ ತಟ್ಟೆಗೆ ಬಿದ್ದದ್ದು ಮಾತ್ರ ಮಗುವಿನದ್ದೇ. ಇದು ಅಡುಗೆಯಕ್ಕ ಹೇಳಿದ ಮಾತು.

ಅಕ್ಟೋಬರ್ 2020ರಲ್ಲಿ ರಾಜ್ಯದ ಕೆಲವು ಕಡೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ಬಂದದ್ದರಿಂದ ವಿದ್ಯಾಗಮ ನಿಲ್ಲಿಸಿದರು. ನಡೆದಾಡುವ ಗೋಡೆಯೂ ನಿಂತಿತು. 2021ರ ಜನವರಿ 1ರಿಂದ 6ರಿಂದ 9ನೇ ತರಗತಿಯವರಿಗೆ ಶಾಲೆಯ ಅಂಗಳದಲ್ಲೇ ವಿದ್ಯಾಗಮ ಮತ್ತೆ ಶುರುವಾಯಿತು. ಫೆಬ್ರವರಿ 22ರಿಂದ ಅಕ್ಕನ ತರಗತಿಗೆ ಪೂರ್ತಿ ಶಾಲೆ. ಯುಗಾದಿ ಕಳೆದ ಮೇಲೆ ಫೋಟೋದವರನ್ನು ಪೇಟೆಯಿಂದ ಕರೆಸೋಣ ಅಂದಿದ್ದರಂತೆ. ಯುಗಾದಿ ಏಪ್ರಿಲ್ 13ಕ್ಕೆ. ಏಪ್ರಿಲ್ ಮೊದಲ ವಾರದಲ್ಲೇ ಎರಡನೇ ಅಲೆ ಅಂತ ಮತ್ತೆ ಮುಚ್ಚಿತು. ಎರಡನೇ ಫೋಟೋ ಹೀಗೆ ತಪ್ಪಿತು. 6ರಿಂದ 8ನೇ ತರಗತಿ ಮತ್ತೆ ತೆರೆದದ್ದು 2021ರ ಸೆಪ್ಟೆಂಬರ್ 6ಕ್ಕೆ. ಅಷ್ಟರಲ್ಲಿ ಅಕ್ಕ ಹೈಸ್ಕೂಲು ಸೇರಿದ್ದಳು. ನಮ್ಮಂಥ 1ರಿಂದ 5ನೇ ತರಗತಿಯವರಿಗೆ ತೆರೆದದ್ದು ಅಕ್ಟೋಬರ್ 25ಕ್ಕೆ. ಲೆಕ್ಕ ಹಾಕಿ, ಹತ್ತೊಂಬತ್ತು ತಿಂಗಳು! ಒಂದನೇ ತರಗತಿಯಲ್ಲಿ ಬಿಟ್ಟ ಬೆಂಚಿಗೆ ನಾವು ಮೂರನೇ ತರಗತಿಯಲ್ಲಿ ವಾಪಸ್ ಬಂದೆವು, ಕಾಲು ನೆಲಕ್ಕೆ ತಾಗುತ್ತಿತ್ತು.

ಬಂದಾಗ ನಮ್ಮಲ್ಲಿ ಎಷ್ಟೋ ಜನಕ್ಕೆ ಒತ್ತಕ್ಷರ ಮರೆತೇ ಹೋಗಿತ್ತು. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ 5 ರಾಜ್ಯಗಳ ಸರ್ಕಾರಿ ಶಾಲೆಗಳ 2ರಿಂದ 6ನೇ ತರಗತಿಯ 16,067 ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು ಮರೆತವರು ನೂರಕ್ಕೆ 92 ಮಕ್ಕಳು, ಗಣಿತದಲ್ಲಿ ನೂರಕ್ಕೆ 82. ಹೊಸ ಪಾಠ ತಪ್ಪಿದ್ದು ಒಂದು ನಷ್ಟ, ಕಲಿತದ್ದೂ ಹೋದದ್ದು ಇನ್ನೊಂದು. ಕೆಳಗಿನ ಮೆಟ್ಟಿಲು ಸಡಿಲವಾದರೆ ಮೇಲಿನದ್ದಕ್ಕೆ ಕಾಲಿಡುವುದು ಹೇಗೆ? ಅದಕ್ಕಾಗಿಯೇ 2022-23ರಲ್ಲಿ ಕಲಿಕಾ ಚೇತರಿಕೆ ಅಂತ ಮಾಡಿ ಹಾಳೆ ಹಾಳೆ ಅಭ್ಯಾಸ ಕೊಟ್ಟರು. ಈಗ ನಮ್ಮ ತರಗತಿಯಲ್ಲಿ ಯಾರಾದರೂ ನಿಧಾನವಾಗಿ ಓದಿದರೆ ದಯವಿಟ್ಟು ನಗಬೇಡಿ, ಅವರಿಗೆ ಅಕ್ಷರ ಕೂಡಿಸಬೇಕಾದ ವರ್ಷವೇ ಸಿಕ್ಕಿಲ್ಲ.

ಕೆಲವರು ವಾಪಸ್ ಬರಲೇ ಇಲ್ಲ. ಅಕ್ಕನ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಹೆಸರು ಬರೆಯುವುದಿಲ್ಲ. ವಿದ್ಯಾಗಮ ನಿಂತ ಮೇಲೆ ಅವನ ಮನೆಯವರು ಕಾಫಿ ತೋಟದ ಕೆಲಸಕ್ಕೆ ಘಟ್ಟದ ಆ ಕಡೆ ಹೋದರು, ಅವನೂ ಹೋದ. ಮೇಷ್ಟ್ರು ಅವನ ಅಪ್ಪನ ನಂಬರಿಗೆ ಪಾಠ ಕಳಿಸುತ್ತಲೇ ಇದ್ದರು, ಬರೀ ಒಂದೇ ಟಿಕ್ ಬರುತ್ತಿತ್ತು. ಒಂದು ಟಿಕ್ ಅಂದರೆ ಕಳಿಸಿದ್ದಾಗಿದೆ, ತಲುಪಿಲ್ಲ ಅಂತ ಅರ್ಥ. ಜನವರಿಯಲ್ಲಿ ಅಂಗಳಕ್ಕೆ ಎಲ್ಲರೂ ಬಂದಾಗ ಅವನ ಹಾಜರಿ ಕೂಗಿ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು ಅಂತ ಅಕ್ಕ ಹೇಳುತ್ತಾಳೆ.

ನೋಟ್‌ಬುಕ್ಕಿನಲ್ಲಿ ಬರಹ ಇರುವ ಕೊನೆಯ ಪುಟ ಅವನದ್ದೇ. ಅವನು ಒಂದು ಒಗಟು ಕಟ್ಟಿ ಬರೆದಿದ್ದಾನೆ: "ಒಳಗೆ ಹೋಗುವಾಗ ಕರಿ, ಹೊರಗೆ ಬರುವಾಗ ಬಿಳಿ, ಮತ್ತೆ ಒಳಗೆ ಹೋಗು ಅಂದ್ರೆ ಹೋಗಲ್ಲ, ಅದೇನು ಹೇಳಿ?" ಕೆಳಗೆ, "ಉತ್ತರ ಮುಂದಿನ ವಾರ." ಆ ಮುಂದಿನ ವಾರ ಬರಲಿಲ್ಲ. ಅಕ್ಕ ಅದು ಇದ್ದಿಲು, ಬೂದಿಯಾಗಿ ಹೊರಗೆ ಬರುತ್ತೆ ಅಂತಾಳೆ. ಅಮ್ಮ ಉದ್ದು ಅಂತಾರೆ, ನೆನೆಸಿ ತೊಳೆದರೆ ಸಿಪ್ಪೆ ಹೋಗಿ ಬಿಳಿ ಆಗುತ್ತಲ್ಲ ಅಂತ. ಆದರೆ "ಮತ್ತೆ ಒಳಗೆ ಹೋಗಲ್ಲ" ಅನ್ನುವುದು ಎರಡಕ್ಕೂ ಸರಿಯಾಗಿ ಹೊಂದುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಆ ನೋಟ್‌ಬುಕ್ಕು ಈ ಶನಿವಾರದವರೆಗೆ ನಮ್ಮ ತರಗತಿಯ ಮೇಜಿನ ಮೇಲೆ ಇರುತ್ತದೆ, ನೋಡುವವರು ಊಟ ಮಾಡಿದ ಕೈ ತೊಳೆದುಕೊಂಡು ಬನ್ನಿ. ಉತ್ತರ ಹೊಳೆದವರು ಈ ಹಾಳೆಯ ಕೆಳಗೆ ಬರೆಯಿರಿ. ನಾಲ್ಕು ಗೆರೆ ಜಾಗ ಬಿಟ್ಟಿದ್ದೇನೆ.

– 7ನೇ ತರಗತಿಯ ವಿದ್ಯಾರ್ಥಿನಿ